ಅಕ್ರಿಲಿಕ್ ಕಟ್ ಮಾಡೋಕೆ ಎಷ್ಟು ಹಲ್ಲು ಅಂತ ಕೇಳಬೇಡಿ, ಎಂಥ ಹಲ್ಲು ಅಂತ ಕೇಳಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬೋರ್ಡ್ ಮಾಡುವವರು, ಅಂತರಸನಹಳ್ಳಿ ಕಡೆ ಶೆಡ್ ಇಟ್ಟುಕೊಂಡವರು, ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಶೀಟ್ ಕಟ್ ಮಾಡುವ ದುಂಡು ಗರಗಸದ ಬ್ಲೇಡ್ ಬಗ್ಗೆ ಮಾತು ಬಂದರೆ ಎಲ್ಲರೂ ಕೇಳೋದು ಒಂದೇ: "ಅಣ್ಣ, ಅರವತ್ತು ಹಲ್ಲಾ, ಎಂಬತ್ತಾ?" ಎಣಿಕೆ ಆಮೇಲೆ ನೋಡೋಣ. ಮೊದಲು ಹಲ್ಲಿನ ಆಕಾರ ನೋಡಿ.

ಪ್ಲೈವುಡ್ ಬ್ಲೇಡ್ ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ಹಲ್ಲಿನ ತಲೆ ಎಡಕ್ಕೆ ಓರೆ, ಪಕ್ಕದ್ದು ಬಲಕ್ಕೆ ಓರೆ. ಆ ಚೂಪು ಮೂಲೆ ಮರದ ನಾರನ್ನು ನೀಟಾಗಿ ಕತ್ತರಿಸುತ್ತದೆ. ಅಕ್ರಿಲಿಕ್‌ನಲ್ಲಿ ನಾರು ಎಲ್ಲಿದೆ? ಅದೇ ಮೂಲೆ ಬಡಿದು ಶೀಟಿನ ಅಂಚು ಚಕ್ಕೆ ಏಳುತ್ತದೆ.

ಪ್ಲಾಸ್ಟಿಕ್‌ಗೆ ಬೇಕಾದದ್ದು ಟ್ರಿಪಲ್ ಚಿಪ್ ಹಲ್ಲು. ಇದರಲ್ಲಿ ಒಂದು ಹಲ್ಲಿನ ಎರಡೂ ಮೂಲೆ ಸವರಿರುತ್ತದೆ, ಮತ್ತೆ ಅದು ಕೂದಲೆಳೆಯಷ್ಟು ಎತ್ತರ. ಪಕ್ಕದ ಹಲ್ಲು ಚಪ್ಪಟೆ, ಸ್ವಲ್ಪ ತಗ್ಗು. ಎತ್ತರದ್ದು ಮೊದಲು ನಡುವೆ ಕಾಲುವೆ ತೆಗೆಯುತ್ತದೆ, ಚಪ್ಪಟೆಯದ್ದು ಹಿಂದೆ ಬಂದು ಎರಡು ಬದಿ ಬಿಡಿಸುತ್ತದೆ. ನಡುವೆ ಒಂದು, ಬದಿಗೆ ಎರಡು, ಒಟ್ಟು ಮೂರು ಚೂರು ಹೊರಬರುತ್ತದೆ. ಕೆಲಸ ಹಂಚಿಹೋಗೋದರಿಂದ ಅಂಚಿನ ಮೇಲೆ ಒತ್ತಡ ಕಡಿಮೆ.

ಇನ್ನೊಂದು, ಹಲ್ಲು ಮುಂದಕ್ಕೆ ಎಷ್ಟು ಬಾಗಿದೆ ಅನ್ನೋದು. ಮರ ಸೀಳುವ ಬ್ಲೇಡ್‌ನಲ್ಲಿ 20 ಡಿಗ್ರಿ ತನಕ ಇರುತ್ತದೆ, ಅದು ಶೀಟನ್ನು ಕಚ್ಚಿ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್‌ಗೆ 10ರ ಒಳಗೇ ಸಾಕು, ಸೊನ್ನೆ ಹತ್ತಿರ ಇದ್ದರೂ ಒಳ್ಳೆಯದೇ.

ಈಗ ಎಣಿಕೆ. 10 ಇಂಚಿನ ಬ್ಲೇಡ್‌ಗೆ, 3 ಎಂ.ಎಂ. ಶೀಟಾದರೆ 80 ಹಲ್ಲು ಚೆನ್ನಾಗಿರುತ್ತದೆ. ಶೀಟ್ ದಪ್ಪ ಆದಂತೆ ಹಲ್ಲು ಕಡಿಮೆ ಇರಬೇಕು, ಯಾಕಂದ್ರೆ ಕತ್ತರಿಸಿದ ಚೂರು ಹೊರಗೆ ಹೋಗೋಕೆ ಹಲ್ಲುಗಳ ನಡುವೆ ಜಾಗ ಬೇಕು. ಜಾಸ್ತಿ ಹಲ್ಲು ಇದ್ದಷ್ಟೂ ಫಿನಿಶ್ ಚೆನ್ನ ಅಂತ ಸುಮ್ನೆ ನಂಬಬೇಡಿ. ಒಂದೊಂದು ಹಲ್ಲಿಗೂ ಸಿಗೋ ಕೆಲಸ ಕಡಿಮೆಯಾದಾಗ ಅದು ಕತ್ತರಿಸಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಪ್ಲಾಸ್ಟಿಕ್ ಬಿಸಿಯನ್ನು ಬೇಗ ಸಾಗಿಸಲ್ಲ, ಎಲ್ಲಾ ಅಂಚಲ್ಲೇ ನಿಲ್ಲುತ್ತದೆ, ಅಕ್ರಿಲಿಕ್ 100 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗುತ್ತದೆ. ಶೀಟನ್ನು ತೀರಾ ನಿಧಾನಕ್ಕೆ ತಳ್ಳಿದರೂ ಇದೇ ಕಥೆ.

ಇದು ಗೊತ್ತಾಗೋದು ಮೇಜಿನ ಕೆಳಗೆ ಬಿದ್ದ ಪುಡಿ ನೋಡಿದರೆ. ಬಿಡಿಬಿಡಿಯಾಗಿ ಉದುರಿದ್ದರೆ ಬ್ಲೇಡ್ ಸರಿಯಾಗಿದೆ. ನೂಲಿನ ಹಾಗೆ ಅಂಟಂಟಾಗಿ ಬಂದು, ಕಟ್ ಮಾಡಿದ ಸಂದು ಹಿಂದಿನಿಂದ ಮತ್ತೆ ಕೂಡಿಕೊಳ್ಳುತ್ತಿದ್ದರೆ ನಿಲ್ಲಿಸಿ. ಪಾಲಿಕಾರ್ಬೊನೇಟ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಶೀಟ್ ಅಷ್ಟು ಸುಲಭಕ್ಕೆ ಚಕ್ಕೆ ಏಳಲ್ಲ, ಆದರೆ ಅದೂ ಅಂಟುತ್ತದೆ.

ಸಾಣೆಗೆ ಕೊಡುವಾಗ ಟ್ರಿಪಲ್ ಚಿಪ್ ಅಂತ ಬಾಯಿಬಿಟ್ಟು ಹೇಳಿ. ಎಲ್ಲಾ ಹಲ್ಲನ್ನೂ ಒಂದೇ ಎತ್ತರಕ್ಕೆ ಉಜ್ಜಿಬಿಟ್ಟರೆ ನೀವು ದುಡ್ಡು ಕೊಟ್ಟು ತಂದ ಆಕಾರವೇ ಹೋಯಿತು. ವಾಪಸ್ ಬಂದ ಮೇಲೆ ಅಕ್ಕಪಕ್ಕದ ಎರಡು ಹಲ್ಲು ನೋಡಿ, ಒಂದು ಎತ್ತರ ಒಂದು ತಗ್ಗು ಇದ್ದರೆ ಮಾತ್ರ ಮೆಷಿನ್‌ಗೆ ಹಾಕಿ.