ಆ ಜಾಗವನ್ನು ನಾನು ಹಾಗೇ ಬಿಟ್ಟಿಲ್ಲ

ಮನೆಯ ಮುಂದೆ ಮೊಣಕಾಲೆತ್ತರಕ್ಕೆ ಹಬ್ಬಿರುವ, ಹಳದಿ ಹೂ ಬಿಡುವ ತಂಗಡಿ ಗಿಡಗಳನ್ನು ನೋಡಿದವರು ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಒಳ್ಳೆಯ ಜಾಗವನ್ನು ಹಾಗೇ ಬಿಟ್ಟುಬಿಟ್ಟಿದ್ದೀರಲ್ಲ, ಏನಾದರೂ ಹಾಕಬಾರದೇ?" ಇದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಕಿದ್ದೇನೆ. ನೀವು ನೋಡುತ್ತಿರುವುದೇ ನಾನು ಹಾಕಿದ್ದು. ಬೀಜ ಆಯ್ದು, ನೆನೆಸಿ, ಗುಂಡಿ ತೋಡಿ ಬಿತ್ತಿ, ಕಳೆ ಕಿತ್ತು, ವರ್ಷವರ್ಷ ಸವರಿ ಈ ರೂಪಕ್ಕೆ ತಂದಿದ್ದೇನೆ.

ನನ್ನನ್ನು ನೋಯಿಸುವುದು ಪ್ರಶ್ನೆಗಿಂತ ಹೆಚ್ಚಾಗಿ ಅದರಲ್ಲಿರುವ "ಹಾಗೇ ಬಿಡುವುದು" ಎಂಬ ಮಾತು. ಹಾಗೇ ಬಿಟ್ಟ ಜಾಗ ಹೇಗಿರುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಿಡಗಳಿಗೆ ಮೂರು ವರ್ಷವಾಗಿದ್ದಾಗ ನಾವು ಒಂದು ವಾರ ಊರಲ್ಲಿರಲಿಲ್ಲ. ಮನೆಯ ಮೇಲೆ ಕಣ್ಣಿಟ್ಟಿರುತ್ತೇನೆಂದು ಹೇಳಿದ್ದ ನೆರೆಯವರೊಬ್ಬರು ನಮಗೆ ಉಪಕಾರ ಮಾಡುವ ಉದ್ದೇಶದಿಂದಲೇ ಆಳುಗಳನ್ನು ಕರೆಸಿ, ಬೀದಿಯ ಕಡೆಯ ಎರಡು ಸಾಲುಗಳನ್ನು ನೆಲಮಟ್ಟಕ್ಕೆ ಕಡಿಸಿದ್ದರು. "ಪೊದೆ ಬೆಳೆದಿತ್ತು, ಸ್ವಚ್ಛ ಮಾಡಿಸಿದೆ, ಹಾವು ಗೀವು ಬಂದೀತು" ಎಂದು ಸಂತೋಷದಿಂದಲೇ ಹೇಳಿದರು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಒಂದು ಮಳೆ ಬಿದ್ದದ್ದೇ ತಡ, ಆ ಬೋಳು ನೆಲದ ತುಂಬ ಪಾರ್ಥೇನಿಯಂ ಕಳೆ ಎದ್ದಿತು. ಕಡಿಯದೆ ಉಳಿದಿದ್ದ ಸಾಲುಗಳ ಅಡಿಯಲ್ಲಿ, ನೆರಳು ಮುಚ್ಚಿದ್ದ ಕಡೆ, ಹುಡುಕಿದರೂ ಆ ಕಳೆಯ ನಾಲ್ಕು ಸಸಿ ಸಿಗಲಿಲ್ಲ. ನೆಲವನ್ನು ಮುಚ್ಚುವ ಗಿಡವೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಿಲ್ಲ.

ಕಡಿಸಿಕೊಂಡ ತಂಗಡಿ ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಕೂಳೆಯ ಸುತ್ತ ಐದಾರು ಚಿಗುರು ಒಡೆದು, ಮೊದಲು ನೆಟ್ಟಗೆ ಬೆಳೆಯುತ್ತಿದ್ದ ಗಿಡಗಳು ಅಗಲಕ್ಕೆ ಹರಡಿಕೊಂಡವು. ತೊಗಟೆಗಾಗಿ ಈ ಗಿಡವನ್ನು ಮತ್ತೆ ಮತ್ತೆ ಕಡಿಯುತ್ತಿದ್ದ ಕಾಲವೊಂದಿತ್ತು. ತೊಗಟೆಯಲ್ಲಿರುವ ಒಗರಿನ ಅಂಶದಿಂದ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡುತ್ತಿದ್ದರು, ಸೊಪ್ಪನ್ನು ಗದ್ದೆಗೆ ಹಸಿರುಗೊಬ್ಬರವಾಗಿ ತುಳಿಯುತ್ತಿದ್ದರು. ಕೊಯ್ದಷ್ಟೂ ಚಿಗುರುವ ಆ ಗುಣವನ್ನೇ ನಂಬಿ ನಾನೀಗ ಪ್ರತಿ ವರ್ಷ ಮುಂಗಾರಿನ ಮೊದಲ ಹದ ಮಳೆಯ ನಂತರ ಎಲ್ಲ ಗಿಡಗಳನ್ನೂ ಒಂದಡಿ ಎತ್ತರಕ್ಕೆ ಸವರುತ್ತೇನೆ. ಹಾಗೆ ಮಾಡದಿದ್ದರೆ ಅದು ಆಳೆತ್ತರದ ಪೊದೆಯಾಗಿ, ಕೆಳಗಿನ ಎಲೆ ಉದುರಿಸಿ, ಬುಡವನ್ನು ಬಿಸಿಲಿಗೆ ತೆರೆದುಬಿಡುತ್ತದೆ.

ಹುಲ್ಲುಹಾಸು ಏಕಿಲ್ಲ ಎಂಬುದಕ್ಕೆ ದೀರ್ಘವಾದ ಉತ್ತರ ಬೇಕಿಲ್ಲ. ಕುಡಿಯುವ ನೀರಿಗೇ ಬೇಸಿಗೆಯಲ್ಲಿ ಲೆಕ್ಕ ಹಾಕಬೇಕಾದ ಬಯಲುಸೀಮೆಯಲ್ಲಿ, ನೋಡಿ ಸಂತೋಷಪಡುವುದಕ್ಕೆಂದು ಹುಲ್ಲಿಗೆ ದಿನವೂ ನೀರುಣಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಮಕ್ಕಳು ಆಡಬೇಕು, ಓಡಾಡಬೇಕು ಎಂದಿದ್ದರೆ ತಂಗಡಿ ಹಾಕಬೇಡಿ. ಇದು ತುಳಿಯುವ ಗಿಡವಲ್ಲ. ದ್ವಿದಳ ಜಾತಿಯ ಗಿಡವಾದ್ದರಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ ಎಂದು ಕೆಲವರು ನನ್ನ ಪರವಾಗಿ ವಾದಿಸುತ್ತಾರೆ. ಅದೂ ಸರಿಯಲ್ಲ. ಇದರ ಬೇರಿನಲ್ಲಿ ಹೆಸರು, ಅಲಸಂದೆಯ ಬೇರಿನಲ್ಲಿರುವಂಥ ಗಂಟುಗಳಿಲ್ಲ. ಉದುರಿದ ಎಲೆ ಕೊಳೆತು ಕೊಡುವ ಸಾರವಷ್ಟೇ ಮಣ್ಣಿಗೆ ಸೇರುವುದು.

ಇಷ್ಟು ಜನರಲ್ಲಿ ಒಬ್ಬರಾದರೂ "ನೀರು ಕೊಡುವುದನ್ನು ಯಾವಾಗ ನಿಲ್ಲಿಸಿದಿರಿ?" ಎಂದು ಕೇಳಿದ್ದರೆ ನಾನು ಕುರ್ಚಿ ಹಾಕಿ ಕೂರಿಸಿ ಹೇಳುತ್ತಿದ್ದೆ. ಬರ ತಡೆಯುವ ಗಿಡವೆಂದರೆ ಮೊದಲ ದಿನದಿಂದಲೇ ನೀರಿಲ್ಲದೆ ಬದುಕುವ ಗಿಡವೆಂದು ಜನ ತಿಳಿದಿದ್ದಾರೆ, ಹಾಗೆ ತಿಳಿದೇ ಸಸಿಗಳನ್ನು ಒಣಗಿಸುತ್ತಾರೆ. ಬರ ತಡೆಯುವುದು ಆಳಕ್ಕಿಳಿದ ತಾಯಿಬೇರು, ಅದು ಇಳಿಯುವುದಕ್ಕೆ ಸಮಯ ಬೇಕು. ಆದ್ದರಿಂದಲೇ ನಾನು ಕವರಿನ ಸಸಿಯನ್ನು ನೆಡದೆ ನೇರವಾಗಿ ಬೀಜ ಬಿತ್ತಿದೆ, ಕವರಿನೊಳಗೆ ತಾಯಿಬೇರು ಸುತ್ತಿಕೊಂಡರೆ ಮತ್ತೆ ನೆಟ್ಟಗಾಗುವುದು ಕಷ್ಟ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದಿಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಮಾತ್ರ ಆರಿಸಿ, ಎರಡೂವರೆ ಅಡಿಗೆ ಒಂದು ಗುಂಡಿಯಂತೆ, ಗುಂಡಿಗೆ ಮೂರು ಬೀಜದಂತೆ ಜೂನ್ ತಿಂಗಳಿನಲ್ಲಿ ಬಿತ್ತಿದೆ. ಮೊದಲ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಬುಡಕ್ಕೂ ಒಂದು ಕೊಡ ನೀರನ್ನು ನಿಧಾನವಾಗಿ ಇಂಗುವಂತೆ ಹಾಕಿದೆ. ದಿನವೂ ಚೊಂಬು ಚೊಂಬು ನೀರು ಚಿಮುಕಿಸಿದರೆ ಬೇರು ಮೇಲುಮೇಲೆಯೇ ಉಳಿಯುತ್ತದೆ. ಎರಡನೆಯ ಮಳೆಗಾಲ ಮುಗಿದ ಮೇಲೆ ಒಂದು ಹನಿಯನ್ನೂ ಕೊಟ್ಟಿಲ್ಲ. ನಮ್ಮದು ಕೆಂಪು ಗರಸು ಮಣ್ಣು, ನೀರು ನಿಲ್ಲುವುದಿಲ್ಲ. ನೀರು ನಿಲ್ಲುವ ಎರೆ ನೆಲದಲ್ಲಿ ಇದೇ ಲೆಕ್ಕ ನಡೆಯುತ್ತದೆಂದು ನಾನು ಹೇಳಲಾರೆ.

ದಯವಿಟ್ಟು ಗೇಟಿನಿಂದಾಚೆ ನಿಂತು ಪ್ರಶ್ನೆ ಕೇಳುವ ಬದಲು ಒಮ್ಮೆ ಒಳಗೆ ಬಂದು ಬಗ್ಗಿ ನೋಡಿ. ಪ್ರತಿ ಎಲೆಯ ಬುಡದಲ್ಲೂ ಕಿವಿಯ ಹಾಗೆ ದುಂಡಗಿರುವ ಎರಡು ಪುಟ್ಟ ಎಲೆಗಳಿವೆ. ಸಸ್ಯಶಾಸ್ತ್ರದ ಹೆಸರಾದ ಸೆನ್ನಾ ಆರಿಕ್ಯುಲಾಟದಲ್ಲಿರುವುದು ಆ ಕಿವಿಯೇ. ಜೋಡಿ ಎಲೆಗಳ ನಡುವೆ ದಂಟಿನ ಮೇಲೆ ಕಡ್ಡಿಯಂಥ ಸಣ್ಣ ಗ್ರಂಥಿಗಳಿವೆ, ಇರುವೆಗಳು ಅಲ್ಲಿ ಬಾಯಿಟ್ಟುಕೊಂಡಿರುತ್ತವೆ. ಬೆಳಿಗ್ಗೆ ದೊಡ್ಡ ಕರಿಯ ದುಂಬಿ ಬಂದು ಹಳದಿ ಹೂವಿಗೆ ತೂಗುಬಿದ್ದು ಝುಂಯ್ ಎಂದು ಮೈ ಅದುರಿಸುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಕೇಸರದ ತುದಿಯ ಸಣ್ಣ ರಂಧ್ರದಿಂದ ಆ ಅದುರಿಗೆ ಪರಾಗ ಚಿಮ್ಮಿ ದುಂಬಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ನಸುಹಸಿರು ಚಿಟ್ಟೆಗಳು ಎಳೆ ಚಿಗುರಿನ ಮೇಲೆ ಮೊಟ್ಟೆಯಿಡುತ್ತವೆ, ಅವುಗಳ ಹುಳು ಒಂದಷ್ಟು ಎಲೆ ತಿನ್ನುತ್ತದೆ. ತಿನ್ನಲಿ, ಔಷಧಿ ಹೊಡೆಯಿರಿ ಎಂಬ ಸಲಹೆಯನ್ನು ನನಗೆ ಕೊಡಬೇಡಿ. ತೆಲಂಗಾಣ ಇದೇ ಹೂವನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ, ಅಲ್ಲಿ ಬತುಕಮ್ಮ ಹಬ್ಬಕ್ಕೆ ಇದನ್ನೇ ಅಡಕಿ ಜೋಡಿಸುತ್ತಾರೆ. ನಮ್ಮಲ್ಲಿ ಅದೇ ಗಿಡ ಅಂಗಳಕ್ಕೆ ಬಂದರೆ ಆಳು ಕರೆಸುತ್ತೇವೆ.

ಈ ಸಲದ ಕಾಯಿಗಳು ಒಣಗಿ ಕಾಗದದಂತೆ ಗಲಗಲ ಎನ್ನುತ್ತಿವೆ. ಬಿಡಿಸಿದ ಬೀಜ ಡಬ್ಬಿಯಲ್ಲಿದೆ. ನೀರಿನ ಪ್ರಶ್ನೆ ಕೇಳಿಕೊಂಡು ಬರುವವರಿಗೆ ಒಂದೊಂದು ಹಿಡಿ ಕೊಡುತ್ತೇನೆ, ಜೂನ್ ತಿಂಗಳಿಗೆ ಮೊದಲು ಬನ್ನಿ.