ಬ್ಯಾಟರಿ ಬದಲಿಸುವ ಮೊದಲು ನೆರಳು ನೋಡಬೇಕಿತ್ತು

ಈಜುಕೊಳ ಸ್ವಚ್ಛ ಮಾಡುವ ರೋಬೋಗಳ ರಿಪೇರಿ ನನ್ನ ಕೆಲಸ. ಅದರಲ್ಲೂ ನೀರಿನ ಮೇಲೆ ತೇಲುವ ಸೋಲಾರ್ ರೋಬೋಗಳೇ ಜಾಸ್ತಿ ಬರುತ್ತವೆ. ಬೆನ್ನ ಮೇಲೆ ಪ್ಯಾನೆಲ್, ಒಳಗೆ ಲಿಥಿಯಂ ಬ್ಯಾಟರಿ, ನೀರು ತಳ್ಳುವ ಚಕ್ರಗಳು, ಕಸ ತುಂಬಿಕೊಳ್ಳಲು ಒಂದು ಬುಟ್ಟಿ. ಇದು ತಳ ಉಜ್ಜುವುದಿಲ್ಲ. ಎಲೆ, ಹುಳ, ಹೂವಿನ ಪುಡಿಯನ್ನು ಮೇಲಿನಿಂದಲೇ ಎತ್ತಿಕೊಳ್ಳುತ್ತದೆ. ಅದೇ ದೊಡ್ಡ ಉಪಕಾರ. ಎಲೆ ನೀರು ಕುಡಿದು ತಳ ಸೇರಿತು ಅಂದರೆ ಅಲ್ಲೇ ಕೊಳೆಯುತ್ತದೆ, ಕ್ಲೋರಿನ್ ತಿನ್ನುತ್ತದೆ, ಕಲೆಯನ್ನೂ ಬಿಡುತ್ತದೆ.

ಒಂದು ಮನೆಯಿಂದ ದೂರು ಬಂತು. "ಬೆಳಗ್ಗೆ ಚೆನ್ನಾಗಿ ಓಡಾಡುತ್ತೆ, ಮಧ್ಯಾಹ್ನದ ಮೇಲೆ ಸತ್ತ ಹಾಗೆ ನಿಂತುಬಿಡುತ್ತೆ" ಅಂದರು. ಆಗ ನನ್ನ ಕೈಗೆ ಸಾಲಾಗಿ ಬ್ಯಾಟರಿ ಹೋದ ರೋಬೋಗಳೇ ಬಂದಿದ್ದವು. ಕೊಳ ಬಳಸದ ತಿಂಗಳುಗಳಲ್ಲಿ ಜನ ಬ್ಯಾಟರಿ ಪೂರ್ತಿ ಖಾಲಿಯಾದ ರೋಬೋವನ್ನು ಹಾಗೇ ಮೂಲೆಗಿಟ್ಟು ಮರೆಯುತ್ತಾರೆ. ಲಿಥಿಯಂ ಬ್ಯಾಟರಿಗೆ ಅದಕ್ಕಿಂತ ಕೆಟ್ಟದ್ದು ಕಡಿಮೆ. ಅರ್ಧದಷ್ಟು ಚಾರ್ಜ್ ಇಟ್ಟು, ತಂಪಾದ ಜಾಗದಲ್ಲಿ ಇಡಬೇಕು. ಇದೂ ಅದೇ ಕಥೆ ಅಂದುಕೊಂಡೆ. ರೋಬೋವನ್ನು ತಂದು, ಹೊಸ ಬ್ಯಾಟರಿ ಹಾಕಿ, ಸೀಲ್‌ಗೆ ಸಿಲಿಕೋನ್ ಗ್ರೀಸ್ ಸವರಿ ವಾಪಸ್ ಕೊಟ್ಟೆ. ಓಡಿತು. ಮನೆಯವರಿಗೂ ಖುಷಿ, ನನಗೂ ಖುಷಿ.

ವಾರ ಕಳೆಯುವುದರೊಳಗೆ ಮತ್ತೆ ಫೋನ್. ಅದೇ ದೂರು.

ನಮ್ಮ ಸೀನಿಯರ್‌ಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಮಧ್ಯಾಹ್ನ ಮೂರಕ್ಕೆ ಆ ಕೊಳದ ಹತ್ತಿರ ನಿಂತು ನೋಡಿದ್ದೀಯಾ?" ಇಲ್ಲ. ಎರಡು ಸಲವೂ ಬೆಳಗ್ಗೆಯೇ ಹೋಗಿ ಬಂದಿದ್ದೆ.

ಮರುದಿನ ಮೀಟರ್ ಹಿಡಿದುಕೊಂಡು ಹೋಗಿ, ಬೆಳಗ್ಗೆಯಿಂದ ಸಂಜೆವರೆಗೆ ಕೊಳದ ಅಂಚಿನಲ್ಲೇ ಕೂತೆ. ಮೊದಲು ಸುಮ್ನೆ ನೋಡಿದೆ. ಹನ್ನೆರಡರ ತನಕ ರೋಬೋ ಇಡೀ ಕೊಳ ಸುತ್ತಿತು. ಆಮೇಲೆ ಗಾಳಿ ಎದ್ದಿತು. ಎಲೆಗಳೆಲ್ಲ ಒಂದು ಮೂಲೆಗೆ ಹೋಗಿ ಸೇರಿಕೊಂಡವು, ಅವುಗಳ ಹಿಂದೆ ರೋಬೋನೂ ತೇಲಿಕೊಂಡು ಹೋಯಿತು. ಆ ಮೂಲೆಯಲ್ಲಿ ಸ್ಟೀಲ್ ಏಣಿ. ಅದರಾಚೆ ಎತ್ತರದ ಗೋಡೆ. ಎರಡೂವರೆಗೆ ಗೋಡೆಯ ನೆರಳು ನೀರಿಗೆ ಇಳಿಯಿತು. ರೋಬೋ ಏಣಿಗೆ ಡಿಕ್ಕಿ ಹೊಡೆಯಿತು, ಹಿಂದೆ ಸರಿಯಿತು, ಗಾಳಿಗೆ ಮತ್ತೆ ಅಲ್ಲಿಗೇ ಬಂತು. ಹೀಗೆ ಹತ್ತಾರು ಸಲ. ಚಕ್ರ ನಿಧಾನವಾಯಿತು. ನಿಂತೇ ಹೋಯಿತು.

ಹತ್ತಿರ ಎಳೆದುಕೊಂಡು ಪ್ಯಾನೆಲ್ ಮೇಲೆ ಬೆರಳಾಡಿಸಿದೆ. ಮರಳು ಕಾಗದ ಮುಟ್ಟಿದ ಹಾಗಿತ್ತು. ಒದ್ದೆಯಿದ್ದಾಗ ಕಣ್ಣಿಗೆ ಬೀಳುವುದಿಲ್ಲ, ಒಣಗಿಸಿ ನೋಡಿದರೆ ತೆಳ್ಳನೆಯ ಬಿಳಿ ಪದರ. ಸುಣ್ಣ! ನೀರು ಚಿಮ್ಮಿ ಚಿಮ್ಮಿ ಬಿಸಿಲಿಗೆ ಒಣಗಿ ಕಟ್ಟಿಕೊಂಡಿದ್ದು. ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, ನೋಡಿದೆ, 8.1 ಇತ್ತು. 7.2 ರಿಂದ 7.8 ರ ಒಳಗಿರಬೇಕು. ಪಿಎಚ್ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರ್‌ಗೆ ಹೆಚ್ಚೂಕಮ್ಮಿ 1000 ವಾಟ್ ಕೊಡುತ್ತದೆ. ರೋಬೋ ಬೆನ್ನ ಮೇಲಿನ ಪ್ಯಾನೆಲ್ 30 ಸೆಂಟಿಮೀಟರ್‌ಗೆ 40 ಇದೆ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ 20 ಪಾಲು ಮಾತ್ರ ಕರೆಂಟ್ ಆದರೆ ಸಿಗುವುದು 24 ವಾಟ್, ಅದೂ ನಡುಮಧ್ಯಾಹ್ನಕ್ಕೆ. ಪ್ಯಾನೆಲ್ ಮಟ್ಟವಾಗಿ ಮಲಗಿರುವುದರಿಂದ ಬೆಳಗ್ಗೆ, ಸಂಜೆ ಇನ್ನೂ ಕಡಿಮೆ. ಇಷ್ಟೇ ಗಳಿಕೆಯಲ್ಲಿ ಸುಣ್ಣ ಒಂದು ಪಾಲು ನುಂಗಿದರೆ ಉಳಿಯುವುದೆಷ್ಟು? ಇನ್ನು ನೆರಳು. ಪ್ಯಾನೆಲ್‌ನ ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ನೀರಿನ ಪೈಪನ್ನು ಒಂದೇ ಕಡೆ ಹಿಚುಕಿದರೂ ನಲ್ಲಿ ಸಣ್ಣಗಾಗುತ್ತದೆ ಅಲ್ವಾ, ಹಾಗೆ. ಏಣಿಯ ಎರಡು ಕಂಬಿಗಳ ನೆರಳು ಬಿದ್ದಿದ್ದಕ್ಕೇ ನನ್ನ ಮೀಟರ್‌ನಲ್ಲಿ ಕರೆಂಟ್ ಅರ್ಧಕ್ಕಿಂತ ಕೆಳಗೆ ಇಳಿದಿದ್ದನ್ನು ನೋಡಿದೆ.

ಹಾಗಾದರೆ ಹೊಸ ಬ್ಯಾಟರಿ ಒಂದು ವಾರ ಓಡಿದ್ದು ಹೇಗೆ? ನಾನು ಅದನ್ನು ಫುಲ್ ಚಾರ್ಜ್ ಮಾಡಿ ಹಾಕಿದ್ದೆ, ಅಷ್ಟೇ. ದಿನದ ಗಳಿಕೆ ದಿನದ ಖರ್ಚಿಗೆ ಸಾಲದೆ, ತುಂಬಿಟ್ಟ ಗಂಟು ಕರಗುತ್ತಾ ಬಂತು. ಗಂಟು ಮುಗಿದ ದಿನ ಹಳೇ ಕಥೆ ಶುರು. ಇದು ಹೊಳೆದಾಗ ನನಗೆ ನಿಜವಾಗಿಯೂ ಬೇಸರವಾಯಿತು. ಓಡಿದ್ದನ್ನು ಕಂಡು ರಿಪೇರಿ ಆಯಿತು ಅಂದುಕೊಂಡಿದ್ದೆನಲ್ಲ.

ಸರಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಪ್ಯಾನೆಲ್ ಮೇಲೆ ಕೆಲವು ನಿಮಿಷ ಹಾಸಿದೆ, ಸುಣ್ಣ ಬಿಟ್ಟುಕೊಂಡಿತು. ದಯವಿಟ್ಟು ಯಾರೂ ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜಬೇಡಿ. ಸುಣ್ಣ ಹೋಗುತ್ತದೆ, ಗೀರು ಉಳಿಯುತ್ತದೆ. ಪಂಪ್‌ನಿಂದ ನೀರು ವಾಪಸ್ ಬರುವ ನಾಝಲ್ ಒಂದನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಆ ಮೂಲೆಯಿಂದ ಬಿಸಿಲಿನ ಕಡೆಗೆ ಮೇಲ್ನೀರು ಹರಿಯತೊಡಗಿತು, ಎಲೆಗಳೂ ಅದರ ಜೊತೆ ಹೊರಟವು. ಏಣಿಯ ಕಂಬಿಗಳ ನಡುವೆ ರೋಬೋ ತೂರದ ಹಾಗೆ ಫೋಮ್ ಕಟ್ಟಿದೆ. ಪಿಎಚ್ ಇಳಿಸಲು ಮನೆಯವರಿಗೆ ಹೇಳಿದೆ. ರೋಬೋವನ್ನು ಒಮ್ಮೆ ಚಾರ್ಜರ್‌ಗೆ ಹಾಕಿ, ತುಂಬಿಸಿ ನೀರಿಗೆ ಬಿಟ್ಟೆ.

ಅಂಗಡಿಗೆ ಬಂದವನೇ ಬಿಚ್ಚಿಟ್ಟಿದ್ದ ಹಳೇ ಬ್ಯಾಟರಿ ಹುಡುಕಿದೆ. ಪೂರ್ತಿ ಚಾರ್ಜ್ ಮಾಡಿ, ಲೋಡ್ ಕೊಟ್ಟು ಖಾಲಿಯಾಗುವ ತನಕ ಕಾದೆ. ಹೊಸದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬ್ಯಾಟರಿಗೆ ತೆಗೆದುಕೊಂಡ ಹಣ ವಾಪಸ್ ಮಾಡಿದೆ. ಈಗ ಹೊಸ ದೂರು ಬಂದರೆ ಮೊದಲು ಕೇಳುವುದು, "ಅದು ನಿಂತಾಗ ಎಲ್ಲಿರುತ್ತೆ? ಆ ಹೊತ್ತಿಗೆ ಒಂದು ಫೋಟೋ ಕಳಿಸ್ತೀರಾ?" ಅಂತ.