ಕೋಡಿಂಗ್ ಇಲ್ಲದೆ ಎರವಲು ಸೇವೆ: ಬುಕಿಂಗ್ ಭಾಗ ಒಂದು ಹದಕ್ಕೆ ಬಂತು

ಡ್ರಿಲ್ಲಿಂಗ್ ಮಷಿನ್, ಏಣಿ, ಟೆಂಟು ಇಂಥವನ್ನು ನೆರೆಹೊರೆಯವರು ಒಬ್ಬರಿಗೊಬ್ಬರು ಎರವಲು ಕೊಡುವ ಒಂದು ಸೇವೆ ಕಟ್ಟುತ್ತಿದ್ದೇನೆ. ನನಗೆ ಕೋಡಿಂಗ್ ಬರುವುದಿಲ್ಲ, ಸದ್ಯಕ್ಕೆ ಕಲಿಯುವ ಯೋಚನೆಯೂ ಇಲ್ಲ. ಮೊದಲು ಗೊತ್ತಾಗಬೇಕಾದದ್ದೇ ಬೇರೆ: ಪರಿಚಯ ಇಲ್ಲದವರ ಕೈಗೆ ಜನ ತಮ್ಮ ಸಾಮಾನು ಕೊಡುತ್ತಾರಾ?

ಈಗ ಇರುವುದು ಇಷ್ಟೇ. ಬೇಕಾದವರು ತುಂಬಲು ಒಂದು ಗೂಗಲ್ ಫಾರ್ಮ್, ಅದರ ಹಿಂದೆ ಒಂದು ಗೂಗಲ್ ಶೀಟ್, ಮಿಕ್ಕಿದ್ದಕ್ಕೆ ನಾನು. ಕೋರಿಕೆ ಬಂದ ಕೂಡಲೇ ಮಾಲೀಕರಿಗೆ ಮೆಸೇಜ್ ಹಾಕಿ ಕೇಳುತ್ತೇನೆ, ಅವರು ಹೂಂ ಅಂದರೆ ಕೇಳಿದವರಿಗೆ ತಿಳಿಸುತ್ತೇನೆ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಝ್ಯಾಪೋಸ್ ಎಂಬ ಅಮೆರಿಕದ ಆನ್‌ಲೈನ್ ಶೂ ಅಂಗಡಿ ಶುರು ಮಾಡಿದ್ದೂ ಹೀಗೆಯೇ. ಅಂಗಡಿಗಳಲ್ಲಿದ್ದ ಶೂಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದಮೇಲೆ ಅಂಗಡಿಗೆ ಹೋಗಿ ಕೊಂಡು ಕಳಿಸಿದರು. ಜನ ಕಣ್ಣಾರೆ ನೋಡದೆ ಶೂ ಕೊಳ್ಳುತ್ತಾರೆ ಅನ್ನುವುದು ಗೋದಾಮು ಕಟ್ಟುವ ಮೊದಲೇ ಖಾತ್ರಿಯಾಯಿತು.

ಈ ಸಲ ಜಾಸ್ತಿ ತಲೆ ತಿಂದದ್ದು ತಾರೀಕುಗಳ ಡಿಕ್ಕಿ. ಏಣಿ ಇರುವುದು ಒಂದೇ. ಒಬ್ಬರಿಗೆ 10ರಿಂದ 12ರವರೆಗೆ ಬೇಕು, ಇನ್ನೊಬ್ಬರಿಗೆ 12ರಿಂದ 14, ಮತ್ತೊಬ್ಬರಿಗೆ 8ರಿಂದ 15. ಎಲ್ಲಿ ತಾಗುತ್ತದೆ ಎಂದು ಒಂದೊಂದೇ ಸಂದರ್ಭ ಬರೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ದಾರಿ ಸಿಕ್ಕಿತು: ಯಾವಾಗ ತಾಗುವುದಿಲ್ಲ ಎಂದು ಕೇಳಿಕೊಂಡರೆ ಉತ್ತರ ಎರಡೇ. ಹಳೆಯದು ಶುರುವಾಗುವ ಮೊದಲೇ ಹೊಸದು ಮುಗಿಯಬೇಕು, ಇಲ್ಲವೇ ಹಳೆಯದು ಮುಗಿದ ಮೇಲೆ ಶುರುವಾಗಬೇಕು. ಉಳಿದದ್ದೆಲ್ಲ ಡಿಕ್ಕಿಯೇ.

ಇದನ್ನು ಶೀಟಿನ ಕೌಂಟ್‌ಇಫ್ಸ್ ಫಾರ್ಮುಲಾಕ್ಕೆ ಹಾಕಿದೆ; ಕೊಟ್ಟ ಷರತ್ತುಗಳಿಗೆಲ್ಲ ಹೊಂದುವ ಸಾಲುಗಳನ್ನು ಎಣಿಸುವುದು ಅದರ ಕೆಲಸ. ನನ್ನ ಷರತ್ತುಗಳು ಇವು: ಅದೇ ವಸ್ತು, ಶುರುವಾಗುವ ದಿನ ಈ ಕೋರಿಕೆಯ ಕೊನೇ ದಿನಕ್ಕಿಂತ ಆಚೆ ಇಲ್ಲ, ಮುಗಿಯುವ ದಿನ ಈ ಕೋರಿಕೆಯ ಮೊದಲ ದಿನಕ್ಕಿಂತ ಹಿಂದೆ ಇಲ್ಲ. ಜೊತೆಗೆ, ಸ್ಥಿತಿ ಕಾಲಂನಲ್ಲಿ 'ರದ್ದು' ಎಂದಿರಬಾರದು. ಹೀಗೆ ಹೊಂದುವ ಸಾಲುಗಳನ್ನು ಅದು ಎಣಿಸುತ್ತದೆ. ತನ್ನನ್ನೂ ಸೇರಿಸಿ ಎಣಿಸುವುದರಿಂದ 1 ಬಂದರೆ ಸರಿ, ಅದಕ್ಕಿಂತ ಜಾಸ್ತಿ ಬಂದರೆ ಆ ಸಾಲು ಕೆಂಪಾಗುತ್ತದೆ. ಮೊದಲ ಕೆಂಪು ಸಾಲು ತಾನಾಗಿಯೇ ಕಾಣಿಸಿದಾಗ ಆದ ಖುಷಿ ಅಷ್ಟಿಷ್ಟಲ್ಲ!

ಇದೇ ದಾರಿ ಹಿಡಿಯುವವರಿಗೆ ಒಂದು ಮಾತು. ಫಾರ್ಮಿನ ಉತ್ತರ ಶೀಟಿನಲ್ಲಿ ಹೊಸ ಸಾಲನ್ನೇ ಸೇರಿಸುತ್ತದೆ. ಪಕ್ಕದ ಕಾಲಂನಲ್ಲಿ ನೀವು ಕೆಳಗಿನವರೆಗೆ ಎಳೆದಿಟ್ಟ ಫಾರ್ಮುಲಾ ಆ ಸಾಲಿಗೆ ಬರುವುದಿಲ್ಲ. ಅರೇಫಾರ್ಮುಲಾ ಬಳಸಿ ಮೇಲಿನ ಒಂದೇ ಕೋಶದಲ್ಲಿ ಬರೆದರೆ ಪೂರ್ತಿ ಕಾಲಂಗೆ ಅನ್ವಯವಾಗುತ್ತದೆ.

'ನಿಮ್ಮ ಕೋರಿಕೆ ತಲುಪಿದೆ' ಅನ್ನುವ ಇಮೇಲನ್ನು ಮಾತ್ರ ಝೇಪಿಯರ್‌ಗೆ (ಬೇರೆ ಬೇರೆ ಆ್ಯಪ್‌ಗಳನ್ನು ಜೋಡಿಸಿ ಕೆಲಸ ತಾನಾಗಿಯೇ ಆಗುವಂತೆ ಮಾಡುವ ಸೇವೆ) ವಹಿಸಿದ್ದೇನೆ. ಮಾಲೀಕರನ್ನು ಕೇಳುವ ಕೆಲಸ ಬೇಕೆಂದೇ ನನ್ನ ಕೈಯಲ್ಲಿ ಇಟ್ಟುಕೊಂಡಿದ್ದೇನೆ. ಅಲ್ಲೇ ನಿಜವಾದ ವಿಷಯ ಹೊರಬರುವುದು. ಬೇಡ ಅನ್ನುವವರು ಸುಮ್ನೆ ಬೇಡ ಅನ್ನುವುದಿಲ್ಲ. 'ಹಾಳಾದರೆ ಯಾರು ನೋಡಿಕೊಳ್ತಾರೆ?' ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ? ಬಟನ್ ಒತ್ತಿ ನಿರಾಕರಿಸುವಂತೆ ಮಾಡಿದ್ದರೆ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಶೀಟನ್ನೇ ಆ್ಯಪ್ ಥರ ತೋರಿಸುವ ಗ್ಲೈಡ್ ಅನ್ನೂ ನೋಡಿದೆ. ಚೆನ್ನಾಗಿದೆ, ಆದರೆ ಕಾಲಂಗಳು ಇನ್ನೂ ಬದಲಾಗುತ್ತಿರುವಾಗ ಅಂದದ ಪರದೆಗೆ ಅವಸರವಿಲ್ಲ.

ಮುಂದಿನ ಕೆಲಸ ಆ ಹಾಳಾಗುವ ಭಯಕ್ಕೆ ಸಂಬಂಧಿಸಿದ್ದು. ಕೊಡುವಾಗ ಒಂದು ಫೋಟೊ, ವಾಪಸ್ ಪಡೆಯುವಾಗ ಇನ್ನೊಂದು. ಫಾರ್ಮಿನಲ್ಲೇ ಫೋಟೊ ಹಾಕಿಸಬಹುದು, ಆದರೆ ಅದಕ್ಕೆ ಎಲ್ಲರೂ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಅದಕ್ಕೇ ಫೋಟೊಗಳನ್ನು ಮೆಸೇಜಿನಲ್ಲೇ ತರಿಸಿಕೊಂಡು, ಲಿಂಕನ್ನು ನಾನೇ ಶೀಟಿಗೆ ಸೇರಿಸುತ್ತೇನೆ. ಹಿಂದೆ ಬೇಡ ಅಂದಿದ್ದ ಮಾಲೀಕರನ್ನೇ ಮೊದಲು ಮತ್ತೆ ಕೇಳುವವನಿದ್ದೇನೆ.